ಅಜ್ಜಿಯನ್ನು ದಾದರಿನಲ್ಲಿ ಬಿಟ್ಟು ಬಂದ ಹುಡುಗ: ಲೇಖಕರೊಬ್ಬರಿಗೆ ಉತ್ತರ

ಮಾನ್ಯರೇ,

ನಮಸ್ಕಾರ. ಡೊಂಬಿವಲಿಯಿಂದ ತಾವು ಕಳುಹಿಸಿದ ‘ಗೊಂದಲ ಹುಟ್ಟಿಸುವ ಇಂಗ್ಲಿಷ್ ಕ್ರಿಯಾಪದಗಳು’ ಎಂಬ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲಾಗದು. ಕಾರಣವನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ. ಏಳನೆಯ ಪುಟದ ನಾಲ್ಕು ಸಾಲುಗಳನ್ನು ಓದಿದ ಮೇಲೆ ಸುಮ್ಮನೆ ‘ವಿಷಾದಗಳು’ ಎಂದು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

ತಾವು ನಲವತ್ತು ಜೋಡಿ ಪದಗಳನ್ನು ಅಕಾರಾದಿಯಾಗಿ ಪೇರಿಸಿ, ಪ್ರತಿಯೊಂದರ ಮುಂದೆ ನಿಘಂಟಿನ ಅರ್ಥವನ್ನು ಇಟ್ಟಿದ್ದೀರಿ. ‘ಹಿಯರ್’ ಎಂದರೆ ಕೇಳು, ‘ಲಿಸನ್’ ಎಂದರೆ ಕೇಳು. ‘ಸೇ’ ಎಂದರೆ ಹೇಳು, ‘ಟೆಲ್’ ಎಂದರೂ ಹೇಳು. ಗೊಂದಲದಲ್ಲಿರುವ ಓದುಗನಿಗೆ ಎರಡು ಪದಕ್ಕೂ ಒಂದೇ ಅರ್ಥವನ್ನು ಕೊಟ್ಟರೆ ಅವನ ಗೊಂದಲಕ್ಕೆ ಮೊಹರು ಒತ್ತಿಕೊಟ್ಟಂತಾಗುತ್ತದೆಯೇ ಹೊರತು ಅದು ಪರಿಹಾರವಾಗುವುದಿಲ್ಲ.

ಇನ್ನು ಆ ಏಳನೆಯ ಪುಟ. ತಮ್ಮಲ್ಲಿ ಮನೆಪಾಠಕ್ಕೆ ಬರುವ ಹುಡುಗನೊಬ್ಬ, ಹುಬ್ಬಳ್ಳಿಗೆ ಹೊರಟ ಅಜ್ಜಿಯನ್ನು ಮುಂಬಯಿಯ ದಾದರ್ ನಿಲ್ದಾಣದಲ್ಲಿ ರೈಲು ಹತ್ತಿಸಲು ಹೋದ ಕಾರಣ ತಡವಾಯಿತೆಂದು ತಿಳಿಸಲು ‘ಐ ಲೆಫ್ಟ್ ಮೈ ಗ್ರ್ಯಾಂಡ್‌ಮದರ್ ಇನ್ ದಾದರ್’ ಎಂದ ಪ್ರಸಂಗವನ್ನು ಹೇಳಿ, ‘ಇದು ತಪ್ಪು, ಡ್ರಾಪ್ಡ್ ಎನ್ನಬೇಕು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನಿಲ್ಲಬೇಕಾದದ್ದು ಅಲ್ಲಿಯೇ. ಆ ಹುಡುಗ ಮನೆಯಲ್ಲಿ ‘ಬಿಟ್ಟು ಬಂದೆ’ ಎನ್ನುತ್ತಾನೆ, ಕಟ್ಟಡದ ಗೆಳೆಯರೊಡನೆ ಮರಾಠಿಯಲ್ಲಿ ‘ಸೋಡೂನ್ ಆಲೋ’ ಎನ್ನುತ್ತಾನೆ. ಎರಡು ಭಾಷೆಗಳು ಒಟ್ಟಿಗೆ ಸಾಕ್ಷಿ ಹೇಳುತ್ತಿರುವಾಗ ಮೂರನೆಯದರಲ್ಲಿ ಅವನು ‘ಲೀವ್’ ಎಂದದ್ದು ಅಜಾಗರೂಕತೆಯಲ್ಲ. ಇಂಗ್ಲಿಷ್ ಕಿವಿಗೆ ಮಾತ್ರ ಅಜ್ಜಿ ದಾದರಿನ ಪ್ಲಾಟ್‌ಫಾರ್ಮಿನಲ್ಲಿ ದಿಕ್ಕಿಲ್ಲದೆ ಕುಳಿತಿರುವ ಚಿತ್ರ ಬರುತ್ತದೆ.

ಅಜ್ಜಿಯ ಜಾಗದಲ್ಲಿ ಕೊಡೆಯನ್ನು ಇಟ್ಟು ನೋಡಿ. ‘ಕೊಡೆಯನ್ನು ರೈಲಿನಲ್ಲಿ ಬಿಟ್ಟು ಬಂದೆ’ ಎಂದರೆ ಕನ್ನಡದಲ್ಲಿಯೂ ಅದು ಕಳೆದುಹೋದ ಕೊಡೆಯೇ, ಇಂಗ್ಲಿಷಿನಲ್ಲಿ ಅಲ್ಲಿ ‘ಲೀವ್’ ಸರಿಯಾಗಿಯೇ ಕೂರುತ್ತದೆ. ಆದರೆ ‘ರೈಲಿನಲ್ಲಿ ಮರೆತೆ’ ಎಂಬ ನಮ್ಮ ಮಾತನ್ನು ‘ಫರ್ಗೆಟ್’ ಎಂದು ತಿರುಗಿಸಿದರೆ ಮತ್ತೆ ಎಡವುತ್ತೇವೆ. ಮರೆತ ಸ್ಥಳವನ್ನು ಹೆಸರಿಸಿದ ಕೂಡಲೇ ರೂಢಿಯ ಇಂಗ್ಲಿಷ್ ‘ಲೀವ್’ ಕಡೆಗೆ ತಿರುಗುತ್ತದೆ. ಸ್ಥಳವನ್ನು ಹೇಳದಿದ್ದರೆ ‘ಫರ್ಗೆಟ್’ ಸಾಕು. ಈ ಒಂದು ಕೊಡೆಯಿಂದ ತಮ್ಮ ಪಟ್ಟಿಯ ಐದಾರು ಜೋಡಿಗಳಿಗಿಂತ ಹೆಚ್ಚಿನ ಕೆಲಸವಾಗುತ್ತದೆ.

ಲೇಖನದಲ್ಲಿ ನೇರವಾದ ತಪ್ಪೂ ಒಂದಿದೆ. ‘ಲೈ’ ಎಂದರೆ ಮಲಗು, ‘ಲೇ’ ಎಂದರೆ ಇಡು ಎಂದು ಸರಿಯಾಗಿ ಹೇಳಿದ ಮರುಸಾಲಿನಲ್ಲಿಯೇ, ಅವನು ಹಾಸಿಗೆಯಲ್ಲಿ ಮಲಗಿದ ಎಂಬುದಕ್ಕೆ ‘ಹಿ ಲೇಡ್ ಆನ್ ದ ಬೆಡ್’ ಎಂದು ಉದಾಹರಣೆ ಕೊಟ್ಟಿದ್ದೀರಿ. ಮಲಗು ಎಂಬ ‘ಲೈ’ನ ಭೂತಕಾಲ ‘ಲೇ’. ಇಡು ಎಂಬ ‘ಲೇ’ಯ ಭೂತಕಾಲ ‘ಲೇಡ್’. ಸುಳ್ಳು ಹೇಳು ಎಂಬ ಇನ್ನೊಂದು ‘ಲೈ’ನ ಭೂತಕಾಲ ‘ಲೈಡ್’. ಒಂದೇ ‘ಲೇ’ ಎರಡು ಕುರ್ಚಿಗಳಲ್ಲಿ ಕುಳಿತಿರುವುದರಿಂದ ಇಂಗ್ಲಿಷನ್ನೇ ಮಾತನಾಡಿ ಬೆಳೆದವರೂ ಇಲ್ಲಿ ತಪ್ಪುತ್ತಾರೆ. ಇದನ್ನು ಬಾಯಿಪಾಠ ಮಾಡಿಸುವ ಬದಲು ನಮ್ಮ ಪ್ರೇರಣಾರ್ಥಕ ‘ಇಸು’ ಪ್ರತ್ಯಯದಿಂದ ಏಕೆ ವಿವರಿಸಬಾರದು? ಮಲಗು, ಮಲಗಿಸು, ಏರು, ಏರಿಸು. ಮನೆಯ ಬಾಡಿಗೆ ಏರಿತು ಎಂದರೆ ‘ರೈಜ಼್’, ಮಾಲೀಕರು ಏರಿಸಿದರು ಎಂದರೆ ‘ರೇಜ಼್’. ಈ ವ್ಯತ್ಯಾಸವನ್ನು ಮುಂಬಯಿಯ ಬಾಡಿಗೆದಾರನಿಗೆ ಎರಡನೆಯ ಸಲ ಹೇಳಬೇಕಾಗಿಲ್ಲ. (ತಾವು ಬರೆದಂತೆ ‘ರೈಸ್’ ಎಂದರೆ ಅದು ಮಾಟುಂಗದ ಹೋಟೆಲಿನ ತಟ್ಟೆಗೆ ಬರುವ ಅನ್ನ.) ಇಂಗ್ಲಿಷಿನ ಪೂರ್ವಜ ಭಾಷೆಯಲ್ಲಿಯೂ ನಮ್ಮ ‘ಇಸು’ವಿನಂತಹ ಪ್ರತ್ಯಯವೊಂದಿತ್ತು. ಅದು ಸವೆದುಹೋಗಿ, ಧಾತುವಿನ ಸ್ವರದಲ್ಲಿ ಮಾತ್ರ ತನ್ನ ಗುರುತನ್ನು ಉಳಿಸಿತು. ‘ಸಿಟ್’ ಮತ್ತು ‘ಸೆಟ್’, ಬೀಳು ಎಂಬ ‘ಫಾಲ್’ ಮತ್ತು ಮರವನ್ನು ಉರುಳಿಸು ಎಂಬ ‘ಫೆಲ್’ ಹೀಗೆ ಉಳಿದ ಜೋಡಿಗಳು. ‘ರೇಜ಼್’ ಪದವು ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದಾದರೂ ಹುಟ್ಟಿದ್ದು ಇದೇ ಬಗೆಯಲ್ಲಿ. ಕಲಿ ಮತ್ತು ಕಲಿಸು ಎಂಬುದಕ್ಕೆ ‘ಲರ್ನ್’, ‘ಟೀಚ್’ ಎಂದು ಸಂಬಂಧವಿಲ್ಲದ ಪದಗಳಿದ್ದರೂ, ಯಾವುದು ಎಲ್ಲಿಗೆ ಎಂದು ತೀರ್ಮಾನಿಸಲು ಅಲ್ಲಿಯೂ ‘ಇಸು’ ನೆರವಾಗುತ್ತದೆ.

ಆದರೆ ಈ ಕೀಲಿಕೈ ಎಲ್ಲ ಬೀಗಕ್ಕೂ ಹೊಂದುವುದಿಲ್ಲ. ‘ಕೇಳಿಸು’ವಿನಲ್ಲಿ ಇರುವುದೂ ‘ಇಸು’ವೇ, ಆದರೆ ‘ನನಗೆ ಕೇಳಿಸಿತು’ ಎಂಬಲ್ಲಿ ಯಾರೂ ಯಾರಿಂದಲೂ ಏನನ್ನೂ ಮಾಡಿಸುತ್ತಿಲ್ಲ. ಇಲ್ಲಿ ಕೆಲಸ ಮಾಡುವುದು ಚತುರ್ಥಿ ವಿಭಕ್ತಿ, ಅಂದರೆ ‘ನನಗೆ’ಯಲ್ಲಿರುವ ‘ಗೆ’. ನನಗೆ ಕೇಳಿಸಿತು, ನನಗೆ ಕಂಡಿತು ಎಂದಾಗ ಶಬ್ದವೂ ನೋಟವೂ ತಾವಾಗಿ ನನ್ನನ್ನು ತಲುಪಿವೆ. ಅವು ‘ಹಿಯರ್’ ಮತ್ತು ‘ಸೀ’. ನಾನು ಕಿವಿಗೊಟ್ಟೆ, ನಾನು ನೋಡಿದೆ ಎಂದಾಗ ಪ್ರಯತ್ನ ನನ್ನದು. ಅವು ‘ಲಿಸನ್’ ಮತ್ತು ‘ಲುಕ್’. ಸಂಜೆಯ ಗದ್ದಲದ ಠಾಣೆ ಸ್ಟೇಷನ್ನಿನಲ್ಲಿ ಪ್ರಕಟಣೆಗೆ ಎಷ್ಟು ಕಿವಿಗೊಟ್ಟರೂ ಕೇಳಿಸಲಿಲ್ಲ ಎಂಬ ವಾಕ್ಯದಲ್ಲಿ ಎರಡೂ ಕ್ರಿಯೆಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ‘ವಾಚ್’ ಎಂಬುದಕ್ಕೆ ನಮ್ಮ ಆಡುಮಾತಿನಲ್ಲಿ ಒಂಟಿ ಪದ ಸುಲಭವಾಗಿ ಸಿಗುವುದಿಲ್ಲ. ಶಿವಾಜಿ ಪಾರ್ಕಿನಲ್ಲಿ ಹುಡುಗರ ಕ್ರಿಕೆಟ್ ‘ನೋಡುತ್ತ ನಿಂತೆ’ ಎಂಬ ಎರಡು ಪದಗಳು ಅದರ ಹತ್ತಿರಕ್ಕೆ ಬರುತ್ತವೆ.

‘ಸೇ’ ಮತ್ತು ‘ಟೆಲ್’ ಜೋಡಿಗೆ ‘ಎನ್ನು’ ಹಾಗೂ ‘ಹೇಳು’ಗಳನ್ನು ಹೋಲಿಸಬಹುದು. ಮೊದಲನೆಯದಕ್ಕೆ ಆಡಿದ ಮಾತು ಮುಖ್ಯ, ಎರಡನೆಯದಕ್ಕೆ ಕೇಳುವವನೂ ಬೇಕು. ಹೋಲಿಕೆ ಪೂರ್ತಿ ಹೊಂದುವುದಿಲ್ಲವೆಂದು ಒಂದು ಸಾಲು ಸೇರಿಸಿದರೆ ಸಾಕು. ‘ಅಫೆಕ್ಟ್’, ‘ಎಫೆಕ್ಟ್’ ಮುಂತಾದವು ಬಹುಮಟ್ಟಿಗೆ ಕಾಗುಣಿತದ ತೊಡಕುಗಳು, ಕೈಬಿಡಿ.

ನಲವತ್ತರಲ್ಲಿ ಆರು ಜೋಡಿ ಉಳಿದರೂ ನನಗೆ ತೃಪ್ತಿ. ಲೇಖನವು ಅಜ್ಜಿಯಿಂದಲೇ ಆರಂಭವಾಗಲಿ. ಇನ್ನೊಂದು ಮಾತು: ಹುಡುಗನು ಆ ವಾಕ್ಯವನ್ನು ಬಾಯಲ್ಲಿ ಹೇಳಿದನೋ ಪುಸ್ತಕದಲ್ಲಿ ಬರೆದನೋ ಎಂಬುದು ತಮ್ಮ ಬರಹದಿಂದ ತಿಳಿಯುವುದಿಲ್ಲ. ಬರೆದದ್ದಾದರೆ, ತಾವು ಕೆಂಪು ಶಾಯಿಯಲ್ಲಿ ತಿದ್ದಿದ ಮೇಲೆ ಅವನು ಏನು ಕೇಳಿದನೆಂಬುದನ್ನೂ ಸೇರಿಸಿ.

ಇಂತು,
ಸಂಪಾದಕ