ಮನೆಯಲ್ಲೇ ಒಡವೆ ಮಾಡಿ ಮಾರುವವರು ಗಿರಾಕಿಯ ಕ್ರೆಡಿಟ್ ಕಾರ್ಡಿನಿಂದ ಹಣ ತಗೊಳ್ಳೋದು ಹೇಗೆ?

ಮನೆಯಲ್ಲೇ ಟೆರಾಕೋಟಾ ಒಡವೆ ಮಾಡಿ ಮಾರ್ತೀರಿ, ಗಿರಾಕಿಗಳು ಕ್ರೆಡಿಟ್ ಕಾರ್ಡ್ ನಡೆಯುತ್ತಾ ಅಂತ ಕೇಳ್ತಾರೆ, ಸ್ವೈಪಿಂಗ್ ಮಷೀನ್ ತಗೊಳ್ಳಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಆತುರಪಟ್ಟು ತಗೊಂಡು ಕೈ ಸುಟ್ಟುಕೊಂಡವನು ನಾನು.

ನಮ್ಮದು ಚನ್ನಪಟ್ಟಣ, ಅರಗಿನ ಬಣ್ಣದ ಮರದ ಆಟಿಕೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಒಂದು ಮೇಳಕ್ಕೆ ಮಳಿಗೆ ಹಾಕಿದ್ದೆ. ಹೊರದೇಶದ ಹೆಂಗಸೊಬ್ಬರು 3,000 ರೂಪಾಯಿಯ ತೂಗುಕುದುರೆ ಮೆಚ್ಚಿದರು. ಅವರ ಹತ್ತಿರ ಕಾರ್ಡ್ ಬಿಟ್ಟರೆ ಬೇರೇನಿಲ್ಲ. ಎಟಿಎಂ ಹುಡುಕಿಕೊಂಡು ಹೋದವರು ವಾಪಸ್ ಬರಲೇ ಇಲ್ಲ. ಆ ಹೊಟ್ಟೆಯುರಿಗೆ ಮುಂದಿನ ವಾರವೇ ಮಷೀನ್ ತರಿಸಿದೆ. ತಿಂಗಳ ಬಾಡಿಗೆ 400, ಅದರ ಮೇಲೆ ಜಿಎಸ್‌ಟಿ. ನಾನು ಹೋಗುವ ಮೇಳ ವರ್ಷಕ್ಕೆ ಮೂರೋ ನಾಲ್ಕೋ. ಉಳಿದ ದಿನವೆಲ್ಲ ಮಷೀನ್ ಬೀರುವಿನಲ್ಲಿ, ಬಾಡಿಗೆ ಮಾತ್ರ ತಪ್ಪದೆ ಖಾತೆಯಿಂದ ಹೋಗುತ್ತಿತ್ತು. ಮಜಾ ಏನು ಗೊತ್ತಾ, ಮುಂದಿನ ಮೇಳದಲ್ಲಿ ಹೊರದೇಶದ ಕಾರ್ಡ್ ಬಂತು, ಮಷೀನ್ ತಗೊಳ್ಳಲಿಲ್ಲ! ಅದಕ್ಕೆ ಬೇರೆ ಅರ್ಜಿ ಹಾಕಬೇಕಿತ್ತಂತೆ. ಮಷೀನ್ ಕೊಟ್ಟವರು ಈ ಮಾತೇ ಎತ್ತಿರಲಿಲ್ಲ.

ನಿಮ್ಮದು ಫೋನ್‌ನಲ್ಲೇ ಆರ್ಡರ್ ತಗೊಂಡು ಕೊರಿಯರ್ ಮಾಡುವ ವ್ಯಾಪಾರ ಅಲ್ವಾ? ಹಾಗಿದ್ದರೆ ಪೇಮೆಂಟ್ ಲಿಂಕ್ ಸಾಕು, ಅಂದರೆ ಒತ್ತಿದರೆ ಹಣ ಕಟ್ಟುವ ಪುಟ ತೆರೆಯುವ ಕೊಂಡಿ. ರೇಜರ್‌ಪೇ ಥರದ ಆನ್‌ಲೈನ್ ಪಾವತಿ ಕಂಪನಿಯವರ ಹತ್ತಿರ ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ ಕೊಟ್ಟು ಅಕೌಂಟ್ ತೆರೆಯಿರಿ. ವ್ಯಾಪಾರಕ್ಕೆ ದಾಖಲೆ ಕೇಳಿದರೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಮಾಡಿಸಿಕೊಳ್ಳಿ. ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಆಗುತ್ತದೆ, ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ. ಆಮೇಲೆ 850 ರೂಪಾಯಿಯ ಜುಮುಕಿಗೆ 850ರ ಲಿಂಕ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದರಾಯಿತು. ಕಾರ್ಡ್ ನಂಬರ್, ಓಟಿಪಿ ಎಲ್ಲ ಗಿರಾಕಿಗಳೇ ತಮ್ಮ ಫೋನ್‌ನಲ್ಲಿ ಹಾಕುತ್ತಾರೆ. ಒಮ್ಮೆ ಒಬ್ಬ ಗಿರಾಕಿ ಕಾರ್ಡಿನ ಹಿಂದೆ ಮುಂದೆ ಎರಡೂ ಕಡೆ ಫೋಟೋ ತೆಗೆದು ನನಗೆ ಕಳಿಸಿಬಿಟ್ಟಿದ್ದರು. ನೋಡಿದ ತಕ್ಷಣ ಅಳಿಸಿ, ಅವರಿಗೂ ಅಳಿಸಲು ಹೇಳಿದೆ. ಗಿರಾಕಿಯ ಕಾರ್ಡ್ ನಂಬರ್ ನಾವು ಬರೆದಿಟ್ಟುಕೊಳ್ಳುವಂತಿಲ್ಲ.

ಇನ್ನು ಕ್ಯೂಆರ್. ನಿಮ್ಮ ಸ್ವಂತ ಯುಪಿಐ ಕ್ಯೂಆರ್‌ಗೆ ಕ್ರೆಡಿಟ್ ಕಾರ್ಡ್ ಹಣ ಬರುವುದಿಲ್ಲ. ವ್ಯಾಪಾರಿಗಳ ಕ್ಯೂಆರ್ ಬೇರೆ ಮಾಡಿಸಬೇಕು. ಅದರಲ್ಲೂ ರುಪೇ ಕ್ರೆಡಿಟ್ ಕಾರ್ಡ್ ಮಾತ್ರ ನಡೆಯುತ್ತದೆ, ವೀಸಾ, ಮಾಸ್ಟರ್‌ಕಾರ್ಡ್ ಇಲ್ಲ. ಸಣ್ಣ ವ್ಯಾಪಾರಿಗೆ 2,000 ರೂಪಾಯಿವರೆಗೆ ರುಪೇ ಕ್ರೆಡಿಟ್‌ನಲ್ಲಿ ಶುಲ್ಕದ ಕಡಿತವಿಲ್ಲ ಅಂತ 2022ರಲ್ಲೇ ಬಂದಿದೆ. ನಿಮ್ಮ ಒಡವೆಗಳ ಬೆಲೆಗೆ ಇದು ಹೇಳಿ ಮಾಡಿಸಿದ ಹಾಗಿದೆ.

ಕಡಿತದ ಲೆಕ್ಕ ನೋಡಿ. ಕ್ರೆಡಿಟ್ ಕಾರ್ಡಿಗೆ ಸಾಮಾನ್ಯವಾಗಿ ನೂರಕ್ಕೆ 2ರ ಆಸುಪಾಸು, ಆ ಶುಲ್ಕದ ಮೇಲೆ 18% ಜಿಎಸ್‌ಟಿ. ಆ 3,000ದ ಕುದುರೆಯನ್ನೇ ತಗೊಳ್ಳಿ. 60 ರೂಪಾಯಿ ಶುಲ್ಕ, 10.80 ತೆರಿಗೆ, ಕೈಗೆ ಬರುವುದು 2,929.20. ಅದೂ ಅವತ್ತೇ ಅಲ್ಲ, ಒಂದೆರಡು ಕೆಲಸದ ದಿನ ಬಿಟ್ಟು. ಶುಕ್ರವಾರದ ಮಾರಾಟದ ಹಣ ನಂಬಿಕೊಂಡು ಶನಿವಾರ ಮರದವನಿಗೆ ಕೊಡುತ್ತೇನೆ ಅಂತ ಮಾತು ಕೊಡಬೇಡಿ. ನಾನು ಕೊಟ್ಟು ಮುಖ ಮರೆಸಿಕೊಂಡು ಓಡಾಡಿದ್ದೇನೆ.

ಈ 70 ರೂಪಾಯಿಯನ್ನು ಗಿರಾಕಿಯ ಮೇಲೆ ಹಾಕಬಹುದಾ? ನನ್ನ ಒಪ್ಪಂದದ ಕಾಗದದಲ್ಲೇ ಹಾಕಬಾರದು ಅಂತಿದೆ. ಅದಿಲ್ಲದಿದ್ದರೂ, ಕುದುರೆ ಕಟ್ಟಿ ಕೈಗೆ ಕೊಡುವ ಹೊತ್ತಿಗೆ "ಕಾರ್ಡಾದರೆ ಇನ್ನೂ ಎಪ್ಪತ್ತು" ಅಂದರೆ ಯಾರಿಗೆ ತಾನೇ ಸರಿ ಅನ್ನಿಸುತ್ತದೆ? ಬೆಲೆ ಇಡುವಾಗಲೇ ಸೇರಿಸಿಬಿಡಿ. ನಾನು 3,000 ಇದ್ದದ್ದನ್ನು 3,100 ಮಾಡಿದೆ, ಯಾರೂ ಕೇಳಲಿಲ್ಲ.

ಮುಂದೆ ನೀವೂ ಮೇಳಕ್ಕೆ ಹೊರಟು ಮಷೀನ್ ಬೇಕೇ ಬೇಕು ಅನ್ನಿಸಿದರೆ ಬಾಡಿಗೆ ಎಷ್ಟು, ಕನಿಷ್ಠ ಎಷ್ಟು ವ್ಯವಹಾರ ಆಗಬೇಕು, ವಾಪಸ್ ಕೊಡಲು ಏನು ಷರತ್ತು ಅಂತ ಬರಹದಲ್ಲಿ ತಗೊಳ್ಳಿ. ಅದರ ಸಿಮ್‌ಗೆ ಮಳಿಗೆಯೊಳಗೆ ಸಿಗ್ನಲ್ ಬರುತ್ತಾ ಅಂತಲೂ ಮೊದಲೇ ನೋಡಿ. ತಗಡಿನ ಚಾವಣಿಯ ಕೆಳಗೆ ಸಿಗ್ನಲ್ ಇಲ್ಲದೆ, ಗಿರಾಕಿಯನ್ನೂ ಕರೆದುಕೊಂಡು ಗೇಟಿನ ತನಕ ಮಷೀನ್ ಎತ್ತಿ ಹಿಡಿದು ನಡೆದಿದ್ದೇನೆ.

ಇನ್ನೊಂದು. ಮಷೀನಿನ ಸ್ಲಿಪ್ ಬಂದ ಕೂಡಲೇ ಫೋಟೋ ತೆಗೆದಿಡಿ. ಒಬ್ಬರು ಕೆಲವು ತಿಂಗಳಾದ ಮೇಲೆ "ಈ ವ್ಯವಹಾರ ನಾನು ಮಾಡಿಲ್ಲ" ಅಂತ ತಮ್ಮ ಬ್ಯಾಂಕಿಗೆ ದೂರು ಕೊಟ್ಟರು. ಹೀಗೆ ದೂರಿನ ಮೇಲೆ ಬ್ಯಾಂಕಿನವರು ನಮ್ಮಿಂದ ಹಣ ವಾಪಸ್ ತಗೊಳ್ಳುವುದಕ್ಕೆ ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ನನ್ನನ್ನು ಸ್ಲಿಪ್ ಕೇಳಿದರು. ಡಬ್ಬಿಯಲ್ಲಿ ಜೋಪಾನವಾಗಿಯೇ ಇಟ್ಟಿದ್ದೆ. ತೆಗೆದು ನೋಡಿದರೆ ಅಕ್ಷರವೆಲ್ಲ ಮಾಸಿ ಬಿಳಿ ಚೀಟಿ ಆಗಿತ್ತು. 1,800 ರೂಪಾಯಿ ವಾಪಸ್ ಹೋಯಿತು, ಆಟಿಕೆಯೂ ಹೋಯಿತು. ನಿಮ್ಮದು ಕೊರಿಯರ್ ವ್ಯಾಪಾರ, ಹಾಗಾಗಿ ಕೊರಿಯರ್ ರಸೀದಿ, ಮಾಲು ತಲುಪಿದ ದಾಖಲೆ, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ.