ಸಾಂಟಾ ಫೆಯಲ್ಲಿ ಸಸ್ಯಾಹಾರ

ಅಪ್ಪ-ಅಮ್ಮ ಸಸ್ಯಾಹಾರಿಗಳು, ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸಾಂಟಾ ಫೆ ಹೋಟೆಲುಗಳಲ್ಲಿ ಏನು ತಿನ್ನಬಹುದು ಅಂತ ಕೇಳಿದ್ದೀರಲ್ವಾ, ಧೈರ್ಯವಾಗಿ ಕರೆದುಕೊಂಡು ಹೋಗಿ. ಆದರೆ ಚಿಲಿ ಸಾಸ್‌ಗೆ ಹಂದಿಮಾಂಸ, ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತ ಮೊದಲೇ ಕೇಳಿ. ಎಷ್ಟೋ ಕಡೆ ಹಾಕುತ್ತಾರೆ, ನೋಡಿದರೆ ಗೊತ್ತಾಗುವುದಿಲ್ಲ. ನೀಲಿ ಮೆಕ್ಕೆಜೋಳದ ಚೀಸ್ ಎಂಚಿಲಾಡ (ಚೀಸ್ ಹಾಕಿ, ಚಿಲಿ ಸಾಸ್ ಸುರಿದ ತೆಳು ರೊಟ್ಟಿ) ತಗೊಳ್ಳಿ, ಮೇಲೆ ಮೊಟ್ಟೆ ಬೇಡ ಅನ್ನಿ. ಕಾಲಾಬಸೀಟಾಸ್ ಸಿಕ್ಕರಂತೂ ಬಿಡಬೇಡಿ, ಎಳೆ ಕುಂಬಳದಂಥ ಕಾಯಿ, ಮೆಕ್ಕೆಜೋಳ, ಹಸಿರು ಮೆಣಸಿನಕಾಯಿ ಹಾಕಿದ ಪಲ್ಯವೇ ಅದು, ಅಮ್ಮನಿಗೆ ಹಿಡಿಸುತ್ತದೆ.

"ಕೆಂಪೋ ಹಸಿರೋ?" ಅಂತ ಕೇಳಿದರೆ ಗಾಬರಿ ಬೇಡ, ಅದು ಚಿಲಿ ಸಾಸ್ ವಿಷಯ. ಎರಡೂ ಬೇಕಿದ್ದರೆ "ಕ್ರಿಸ್‌ಮಸ್" ಅಂದರೆ ಸಾಕು. ಖಾರ ಜಾಸ್ತಿಯಾದರೆ ಉಬ್ಬಿದ ಪೂರಿಯಂಥ ಸೋಪಪಿಯಾಗೆ ಜೇನುತುಪ್ಪ ಸುರಿದು ತಿನ್ನಿ. ಹಾಂ, ಅದರ ಹಿಟ್ಟಿಗೂ ಕೊಬ್ಬಿನ ಪ್ರಶ್ನೆ ಕೇಳಿಬಿಡಿ.