ಗೋಡೆಯೊಳಗೆ ಸ್ಪೀಕರ್: ಕೊರೆಯುವ ಮುಂಚೆ ಒಂದಿಷ್ಟು ಲೆಕ್ಕ

ಪ್ರಶ್ನೆ: ಮನೆಯ ಒಂದು ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡಿ ಅಲ್ಲೇ ಮಿಕ್ಸ್ ಮಾಡುತ್ತೇನೆ. ಕೋಣೆ 3 ಮೀಟರ್ ಅಗಲ, 4 ಮೀಟರ್ ಉದ್ದ. ಕೀಬೋರ್ಡ್, ಕಂಪ್ಯೂಟರ್ ಇಟ್ಟ ಮೇಲೆ ಮೇಜಿನ ಮೇಲೆ ಸ್ಪೀಕರಿಗೆ ಜಾಗವೇ ಇಲ್ಲ. ಮರಗೆಲಸ ಸ್ವಲ್ಪ ಬರುತ್ತದೆ, ಹಾಗಾಗಿ ಸ್ಪೀಕರ್ ನಾನೇ ಮಾಡಿ ಗೋಡೆಗೆ ಹಾಕೋಣ ಅಂದುಕೊಂಡಿದ್ದೇನೆ. ಬ್ರಾಕೆಟ್ ಮೇಲೆ ಕೂರಿಸಲೋ, ಗೋಡೆಯೊಳಗೇ ಹುದುಗಿಸಲೋ?

ಉತ್ತರ: ನೀವು ಜಾಗ ಉಳಿಸಲು ಹೊರಟಿದ್ದೀರಿ. ಸರಿ. ಆದರೆ ಗೋಡೆ ಹತ್ತಿರ ಹೋದ ಕೂಡಲೇ ಆ ಗೋಡೆಯೂ ಸ್ಪೀಕರಿನ ಒಂದು ಭಾಗ ಆಗಿಬಿಡುತ್ತದೆ. ಮೊದಲು ಅದನ್ನು ನೋಡೋಣ, ಗರಗಸ ಆಮೇಲೆ.

ಕೆಳಗಿನ ಸ್ವರಗಳು ಟಾರ್ಚ್ ಬೆಳಕಿನ ಹಾಗೆ ಬರೀ ಮುಂದಕ್ಕೆ ಹೋಗುವುದಿಲ್ಲ. ಪೆಟ್ಟಿಗೆಯನ್ನು ಬಳಸಿಕೊಂಡು ಹಿಂದಕ್ಕೂ ಹೋಗುತ್ತವೆ, ಗೋಡೆಗೆ ಬಡಿದು ವಾಪಸ್ ನಿಮ್ಮ ಕಿವಿಗೆ ಬರುತ್ತವೆ. ಸ್ಪೀಕರಿನ ಮುಖ ಗೋಡೆಯಿಂದ 60 ಸೆಂ.ಮೀ. ದೂರ ಇದೆ ಅಂದುಕೊಳ್ಳಿ. ಹಿಂದೆ ಹೋಗಿ ಬಂದ ಸದ್ದು 120 ಸೆಂ.ಮೀ. ಜಾಸ್ತಿ ನಡೆದು ಬಂದಿರುತ್ತದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಹಾಗಾಗಿ 143 ಹರ್ಟ್ಸ್ ಹತ್ತಿರ ಆ 120 ಸೆಂ.ಮೀ. ಸರಿಯಾಗಿ ಅರ್ಧ ಅಲೆ ಆಗುತ್ತದೆ. ನೇರ ಬಂದ ಅಲೆ ಏರುವಾಗ ಸುತ್ತಿ ಬಂದ ಅಲೆ ಇಳಿಯುತ್ತಿರುತ್ತದೆ. ಒಂದು ಇನ್ನೊಂದನ್ನು ನುಂಗಿಬಿಡುತ್ತದೆ. ಬೇಸ್ ಗಿಟಾರಿನ ಒಂದು ಸ್ವರ ಕೇಳಿಸುವುದೇ ಇಲ್ಲ, ನೀವು ಪಾಪ ಅದನ್ನು ಏರಿಸುತ್ತೀರಿ, ಅದೇ ಹಾಡನ್ನು ಕಾರಿನಲ್ಲಿ ಹಾಕಿದರೆ ಆ ಸ್ವರ ಮಾತ್ರ ಗುಂಯ್ ಅಂತ ಎದ್ದು ಬರುತ್ತದೆ.

ಈ ಹಳ್ಳವನ್ನು ಈಕ್ವಲೈಸರಿನಿಂದ ತುಂಬಿಸಲು ಹೋಗಬೇಡಿ. 10 ಡೆಸಿಬೆಲ್ ಏರಿಸಬೇಕಾದರೆ ಆಂಪ್ಲಿಫೈಯರ್ 10 ಪಟ್ಟು ಶಕ್ತಿ ಕೊಡಬೇಕು. ಅದೂ ಸಾಲದೆಂಬಂತೆ, ನೀವು ಏರಿಸಿದಷ್ಟೂ ಗೋಡೆಯಿಂದ ಬರುವ ಅಲೆಯೂ ಏರುತ್ತದೆ. ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

ಈಗ ಬ್ರಾಕೆಟ್ ವಿಷಯ. ಉದ್ದ ತೋಳಿನ ಬ್ರಾಕೆಟ್ ನೋಡಲು ಚೆಂದ, ಅತ್ತಿತ್ತ ತಿರುಗಿಸಲೂ ಸುಲಭ, ಆದರೆ ಅದು ಸ್ಪೀಕರನ್ನು ಹಿಡಿದು ನಿಲ್ಲಿಸುವುದು ಈಗ ಹೇಳಿದ ಕೆಟ್ಟ ದೂರದಲ್ಲೇ. ಬ್ರಾಕೆಟ್ಟೇ ಬೇಕೆಂದರೆ ಪೆಟ್ಟಿಗೆ ತೆಳ್ಳಗಿರಲಿ, ಬೆನ್ನು ಗೋಡೆಗೆ ಹತ್ತಿರ ಇರಲಿ. ಮುಖ ಗೋಡೆಯಿಂದ 30 ಸೆಂ.ಮೀ. ಇದ್ದರೆ ಹಳ್ಳ 285 ಹರ್ಟ್ಸ್ ಸುಮಾರಿಗೆ ಹೋಗುತ್ತದೆ. ಹಾಡುವ ದನಿಗೆ ಮೈ ಬರುವ ಜಾಗ ಅದು, ಒಳ್ಳೆಯ ಜಾಗವೇನಲ್ಲ. ಆದರೆ ಅಲ್ಲಿ ಒಂದು ಉಪಾಯ ಇದೆ: 10 ಸೆಂ.ಮೀ. ದಪ್ಪದ ರಾಕ್‌ವೂಲ್ (ಕಲ್ಲಿನ ನಾರು) ಪ್ಯಾನೆಲನ್ನು ಸ್ಪೀಕರಿನ ಸುತ್ತ ಗೋಡೆಗೆ ಹಾಕಿದರೆ ಈ ಸದ್ದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. 143 ಹರ್ಟ್ಸನ್ನು ಹಾಗೆ ಹೀರಬೇಕೆಂದರೆ ಅರ್ಧ ಕೋಣೆಯೇ ಹೋದೀತು.

ಹುದುಗಿಸಿದರೆ ಸ್ಪೀಕರಿನ ಮುಖ ಗೋಡೆಯ ಮಟ್ಟಕ್ಕೇ ಇರುತ್ತದೆ. ಹಿಂದೆ ಹೋಗಲು ದಾರಿಯೇ ಇಲ್ಲ, ಹಾಗಾಗಿ ಈ ಹಳ್ಳವೂ ಇಲ್ಲ. ದೊಡ್ಡ ಸ್ಟುಡಿಯೋಗಳಲ್ಲಿ ಮುಖ್ಯ ಸ್ಪೀಕರುಗಳು ಗೋಡೆಯೊಳಗೆ ಕೂತಿರುವುದು ಬರೀ ಅಂದಕ್ಕೆ ಅಲ್ಲ. ಆದರೆ ಇದಕ್ಕೂ ಒಂದು ಬೆಲೆ ಇದೆ. ಸುತ್ತಲೂ ಹರಡುತ್ತಿದ್ದ ಕೆಳಗಿನ ಸದ್ದು ಈಗ ಮುಂದಿನ ಅರ್ಧಕ್ಕೆ ಮಾತ್ರ ಬರುವುದರಿಂದ ಬೇಸ್ 6 ಡೆಸಿಬೆಲ್ ತನಕ ಏರುತ್ತದೆ. 25 ಸೆಂ.ಮೀ. ಅಗಲದ ಪೆಟ್ಟಿಗೆಯಾದರೆ ಈ ಬದಲಾವಣೆ 460 ಹರ್ಟ್ಸ್ ಆಸುಪಾಸಿನಲ್ಲಿ ಶುರುವಾಗಿ ಕೆಳಕ್ಕೆ ಹೋದಂತೆ ಜಾಸ್ತಿಯಾಗುತ್ತದೆ. ಇಂಟರ್ನೆಟ್‌ನಲ್ಲಿ ಸಿಗುವ ಹೆಚ್ಚಿನ ಕ್ರಾಸೋವರ್ (ಕೆಳಗಿನ ಸದ್ದು, ಮೇಲಿನ ಸದ್ದು ಬೇರೆ ಮಾಡಿ ಕಳಿಸುವ ಸರ್ಕ್ಯೂಟ್) ನಕ್ಷೆಗಳು ಸ್ಟ್ಯಾಂಡ್ ಮೇಲೆ ನಿಲ್ಲುವ ಸ್ಪೀಕರಿಗೆ ಮಾಡಿದವು. ಹಿಂದಕ್ಕೆ ಕಳೆದುಹೋಗುವ ಬೇಸಿಗೆ ಸರಿದೂಗಲಿ ಅಂತ ಅವುಗಳಲ್ಲಿ ಮೇಲಿನ ಸದ್ದನ್ನು ಮೊದಲೇ ತಗ್ಗಿಸಿರುತ್ತಾರೆ. ಅದನ್ನೇ ತಂದು ಗೋಡೆಯೊಳಗೆ ಹಾಕಿದರೆ ಎಲ್ಲ ಹಾಡೂ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಒಂದೋ ಕ್ರಾಸೋವರ್ ಬದಲಿಸಿ, ಇಲ್ಲವೇ ಈಕ್ವಲೈಸರಿನಲ್ಲಿ ಬೇಸನ್ನು ಒಟ್ಟಾಗಿ ಇಳಿಸಿ. ಹಳ್ಳ ತುಂಬುವುದು ಆಗದ ಮಾತು, ದಿಬ್ಬ ತಗ್ಗಿಸುವುದು ಸಲೀಸು.

ಹುದುಗಿಸುವುದು ಅಂದರೆ ಮನೆಯ ಗೋಡೆ ಒಡೆಯುವುದು ಅಲ್ಲ, ದಯವಿಟ್ಟು! ಭಾರ ಹೊತ್ತ ಗೋಡೆಗೆ ಕೈ ಹಾಕಲೇಬಾರದು. ಅದರ ಮುಂದೆ ಮರದ ಚೌಕಟ್ಟು ನಿಲ್ಲಿಸಿ, 18 ಮಿ.ಮೀ. ಪ್ಲೈವುಡ್ ಎರಡು ಪದರ ಹೊಡೆದು, ಒಳಗೆ ರಾಕ್‌ವೂಲ್ ತುಂಬಿ. ಎರಡೂ ಬದಿ ಒಳಮುಖವಾಗಿ 30 ಡಿಗ್ರಿ ತಿರುಗಿರಲಿ. ಆಗ ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸೇರಿ ಸಮಬಾಹು ತ್ರಿಕೋನ ಆಗುತ್ತದೆ. ಟ್ವೀಟರ್, ಅಂದರೆ ಮೇಲಿನ ಸ್ವರಗಳ ಚಿಕ್ಕ ಸ್ಪೀಕರ್, ನೀವು ಕೂತಾಗ ಕಿವಿ ಬರುವ ಎತ್ತರಕ್ಕೆ ಇರಲಿ, ನೆಲದಿಂದ ಸುಮಾರು 1.2 ಮೀಟರ್. ಪೆಟ್ಟಿಗೆಯನ್ನು ಚೌಕಟ್ಟಿಗೆ ಸ್ಕ್ರೂ ಹೊಡೆದು ಬಿಗಿಯಬೇಡಿ. ದಪ್ಪ ರಬ್ಬರ್ ತುಂಡುಗಳ ಮೇಲೆ ಕೂರಿಸಿ, ಸುತ್ತ ಕೆಲವು ಮಿ.ಮೀ. ಸಂದು ಬಿಟ್ಟು, ಅದನ್ನು ಮೆತ್ತನೆಯ ಫೋಮ್ ಪಟ್ಟಿಯಿಂದ ಮುಚ್ಚಿ. ಇಲ್ಲದಿದ್ದರೆ ವೂಫರ್ (ಕೆಳಗಿನ ಸ್ವರಗಳ ದೊಡ್ಡ ಸ್ಪೀಕರ್) ಜೊತೆ ಗೋಡೆಯೂ ಹಾಡಲು ಶುರು ಮಾಡುತ್ತದೆ.

ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಮೊದಲ ಸಲ ಮಾಡಿದಾಗ ಎಲ್ಲ ನೀಟಾಗಿ ಮುಚ್ಚಿ, ಪುಟ್ಟಿ ಹಚ್ಚಿ, ಬಣ್ಣ ಬಳಿದು ಮುಗಿಸಿದೆ. ಎರಡನೇ ದಿನ ಎಡಗಡೆಯಿಂದ ಝರ್ ಝರ್ ಅಂತ ಸದ್ದು. ಕೊಳಲು ಕೇಳುವಾಗ ಇಲ್ಲ, ತಬಲಾದ ಎಡ ಬಾರಿಸಿದಾಗ ಮಾತ್ರ. ವಾರಗಟ್ಟಲೆ ವೂಫರನ್ನೇ ಬೈದೆ. ಕೊನೆಗೆ ಪ್ಲೈವುಡ್ ಕೊರೆದು ನೋಡಿದರೆ, ಪೆಟ್ಟಿಗೆಯ ಹಿಂದೆ ಸಡಿಲ ಬಿಟ್ಟಿದ್ದ ಒಂದು ಗೇಣು ವಯರ್ ಹಲಗೆಗೆ ಬಡಿಯುತ್ತಿತ್ತು, ಅಷ್ಟೇ. ಅದಕ್ಕೇ ಹೇಳುವುದು, ಸ್ಪೀಕರ್ ಪೆಟ್ಟಿಗೆ ಮುಂದಿನಿಂದ ಪೂರ್ತಿ ಹೊರಗೆ ಎಳೆಯಲು ಬರುವ ಹಾಗಿರಲಿ, ವಯರನ್ನು ಅಲ್ಲಲ್ಲಿ ಕಟ್ಟಿ.

ಸ್ವಂತ ಮನೆ, ಕೋಣೆ ಬೇರೆ ಯಾವುದಕ್ಕೂ ಬೇಡ ಅಂದರೆ ಹುದುಗಿಸಿ. ಇಲ್ಲವಾದರೆ ಗೋಡೆಗೆ ಅಂಟಿದ ಹಾಗೆ ಬ್ರಾಕೆಟ್. ಎರಡರಲ್ಲಿ ಯಾವುದು ಮಾಡಿದರೂ ನಿಮ್ಮ 4 ಮೀಟರ್ ಉದ್ದದ ಕೋಣೆ 43 ಹರ್ಟ್ಸ್ ಹತ್ತಿರ ತಾನೇ ಗುನುಗುತ್ತದೆ. ಅದು ಕೋಣೆಯ ಸ್ವಭಾವ, ಸ್ಪೀಕರಿನ ತಪ್ಪಲ್ಲ. ಮೂಲೆಗಳಲ್ಲಿ ದಪ್ಪ ರಾಕ್‌ವೂಲ್ ಬೇಕೇ ಬೇಕು.

ಪ್ರಶ್ನೆ: 6 ಇಂಚಿನ ವೂಫರ್ ತಂದಿದ್ದೇನೆ. ಪೆಟ್ಟಿಗೆ ದೊಡ್ಡದಾದಷ್ಟೂ ಬೇಸ್ ಜಾಸ್ತಿ ಅಂತ ಬಡಗಿ ಹೇಳುತ್ತಾರೆ. ನಿಜವೇ?

ಉತ್ತರ: ಬಡಗಿಯವರ ಅನುಭವ ಮರದ್ದು, ಇದು ಗಾಳಿಯ ಲೆಕ್ಕ. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗ್ ಇದ್ದ ಹಾಗೆ. ಪೆಟ್ಟಿಗೆ ತೀರಾ ಚಿಕ್ಕದಾದರೆ ಸ್ಪ್ರಿಂಗ್ ಬಿಗಿ, ಬೇಸ್ ಒಂದೇ ಸ್ವರದಲ್ಲಿ ಡುಬ್ ಡುಬ್ ಅನ್ನುತ್ತದೆ. ತೀರಾ ದೊಡ್ಡದಾದರೆ ವೂಫರಿನ ಕೋನಿಗೆ, ಅಂದರೆ ಮುಂದೆ ಹಿಂದೆ ಆಡುವ ಭಾಗಕ್ಕೆ, ಹಿಡಿತವೇ ಇರುವುದಿಲ್ಲ.

ವೂಫರ್ ಜೊತೆ ಬಂದ ಕಾಗದದಲ್ಲಿ ಎಫ್‌ಎಸ್ (ವೂಫರ್ ತಾನಾಗಿ ಅದುರುವ ಹರ್ಟ್ಸ್), ಕ್ಯೂಟಿಎಸ್ (ಆ ಅದುರಾಟ ಎಷ್ಟು ಹಿಡಿತದಲ್ಲಿದೆ), ವಿಎಎಸ್ (ಕೋನಿನ ಸ್ಪ್ರಿಂಗಿನಷ್ಟೇ ಬಿಗಿ ಇರುವ ಗಾಳಿಯ ಅಳತೆ) ಅಂತ ಮೂರು ಅಂಕಿ ಇರುತ್ತವೆ. ಇವುಗಳಿಗೆ ಥೀಲ್-ಸ್ಮಾಲ್ ಅಂಕಿಗಳು ಅಂತಲೇ ಹೆಸರು. ನೆವಿಲ್ ಥೀಲ್ 1961ರಲ್ಲಿ ಆಸ್ಟ್ರೇಲಿಯಾದಲ್ಲಿ ಬರೆದ ಲೇಖನವನ್ನು ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಮುಂದುವರಿಸಿದರು. ಉದಾಹರಣೆಗೆ ಎಫ್‌ಎಸ್ 45 ಹರ್ಟ್ಸ್, ಕ್ಯೂಟಿಎಸ್ 0.38, ವಿಎಎಸ್ 20 ಲೀಟರ್ ಅಂದುಕೊಳ್ಳಿ. ಬೇಸ್ ಉಬ್ಬದೆ ಸಮನಾಗಿ ಇಳಿಯಲು ಗುರಿ ಇಡುವ ಅಂಕಿ 0.707. ಅದನ್ನು 0.38ರಿಂದ ಭಾಗಿಸಿದರೆ 1.86. ಅದರ ವರ್ಗ 3.46. ಒಂದು ಕಳೆದರೆ 2.46. ಈಗ 20ನ್ನು 2.46ರಿಂದ ಭಾಗಿಸಿ, 8.1 ಲೀಟರ್ ಬರುತ್ತದೆ. ನಿಮ್ಮ ಪೆಟ್ಟಿಗೆಯ ಒಳಗಾಳಿ ಅಷ್ಟೇ ಸಾಕು! ವೂಫರ್ ಮತ್ತು ಒಳಗಿನ ಆಧಾರದ ಪಟ್ಟಿಗಳು ತಿನ್ನುವ ಜಾಗ ಸೇರಿಸಿ 9 ಲೀಟರ್ ಇಟ್ಟುಕೊಳ್ಳಿ. ಒಳ ಅಳತೆ 20, 30, 15 ಸೆಂ.ಮೀ. ಮಾಡಿದರೆ ಸರಿಯಾಗಿ 9 ಲೀಟರ್. ಗೋಡೆಗೆ ಹೇಳಿ ಮಾಡಿಸಿದ ಹಾಗೆ ತೆಳು ಪೆಟ್ಟಿಗೆ. ಬೇಸ್ ಎಲ್ಲಿಂದ ಇಳಿಯುತ್ತದೆ ಅಂದರೆ 45ನ್ನು 1.86ರಿಂದ ಗುಣಿಸಿ, ಸುಮಾರು 84 ಹರ್ಟ್ಸ್. ಬೇಸ್ ಕಡಿಮೆ ಆಯಿತು ಅನ್ನಿಸಿತಾ? ಗೋಡೆ ಕೊಟ್ಟ 6 ಡೆಸಿಬೆಲ್ ಉಳಿತಾಯ ಇದೆಯಲ್ಲ, ಅದರಲ್ಲಿ ಸ್ವಲ್ಪವನ್ನು ಇಲ್ಲಿ ಖರ್ಚು ಮಾಡಬಹುದು.

ಪೆಟ್ಟಿಗೆಗೆ 18 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸಾಕು. ಕೊಯ್ಯುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಒಳ್ಳೆಯದಲ್ಲ. ಎಲ್ಲ ಆದ ಮೇಲೆ ವೂಫರ್ ಕೋನನ್ನು ಎರಡೂ ಕಡೆ ಬೆರಳಿಟ್ಟು ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ನಿಧಾನವಾಗಿ ವಾಪಸ್ ಬಂದರೆ ಪೆಟ್ಟಿಗೆ ಬಿಗಿ ಇದೆ. ಟಪ್ಪಂತ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ.

ಪ್ರಶ್ನೆ: ಹಿಂದೆ ತೂತು ಇರುವ ಆಕ್ಟಿವ್ ಸ್ಪೀಕರ್ (ಆಂಪ್ಲಿಫೈಯರ್ ಅದರೊಳಗೇ ಇರುವಂಥದ್ದು) ನನ್ನ ಹತ್ತಿರ ಇದೆ. ಅದನ್ನೇ ಗೋಡೆಯೊಳಗೆ ಇಡಬಹುದಾ?

ಉತ್ತರ: ಬೇಡ. ಆ ತೂತಿಗೆ ಉಸಿರಾಡಲು ಜಾಗ ಬೇಕು, ಹಿಂದಿನ ಆಂಪ್ಲಿಫೈಯರಿಗೆ ತಣ್ಣನೆ ಗಾಳಿ ಬೇಕು. ರಾಕ್‌ವೂಲ್ ಮಧ್ಯೆ ಎರಡೂ ಸಿಗುವುದಿಲ್ಲ.

ಪ್ರಶ್ನೆ: ಎರಡೂ ಸ್ಪೀಕರ್ ಕೂರಿಸಿ ಆಯಿತು. ಒಂದೊಂದೇ ಕೇಳಿದರೆ ಚೆನ್ನಾಗಿದೆ, ಒಟ್ಟಿಗೆ ಹಾಕಿದರೆ ಬೇಸ್ ಮಾಯ. ಗಾಯಕರ ದನಿಯೂ ನಡುವೆ ನಿಲ್ಲದೆ ಎಲ್ಲೋ ತೇಲುತ್ತದೆ. ಪೆಟ್ಟಿಗೆ ತಪ್ಪಾಯಿತಾ?

ಉತ್ತರ: ಪೆಟ್ಟಿಗೆಯಲ್ಲ, ವಯರ್ ಅದಲು ಬದಲಾಗಿದೆ. ಒಂದು ವೂಫರ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತಿದೆ. ಆಂಪ್ಲಿಫೈಯರಿನಿಂದ ವಯರ್ ಬಿಚ್ಚಿ, 1.5 ವೋಲ್ಟಿನ ಒಂದು ಸೆಲ್ ತಗೊಳ್ಳಿ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್, ಒಂದು ಕ್ಷಣ ಮುಟ್ಟಿಸಿ. ವೂಫರ್ ಕೋನ್ ಹೊರಕ್ಕೆ ಜಿಗಿದರೆ ಸರಿ, ಒಳಕ್ಕೆ ಹೋದರೆ ಉಲ್ಟಾ. ಬರೀ ಟ್ವೀಟರಿಗೆ ನೇರವಾಗಿ ಸೆಲ್ ಹಚ್ಚಬೇಡಿ, ಸುಟ್ಟು ಹೋದೀತು. ಕೆಲವು ಕ್ರಾಸೋವರುಗಳಲ್ಲಿ ಟ್ವೀಟರನ್ನು ಬೇಕೆಂದೇ ಉಲ್ಟಾ ಜೋಡಿಸಿರುತ್ತಾರೆ, ಅದನ್ನು ಸುಮ್ನೆ ಮುಟ್ಟಲು ಹೋಗಬೇಡಿ. ಎಡ ಬಲ ಎರಡೂ ಒಂದೇ ಥರ ಇದ್ದರಾಯಿತು.

ಪ್ರಶ್ನೆ: ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸಾಕಲ್ವಾ?

ಉತ್ತರ: ಮೊಟ್ಟೆ ಇಡಲು ಸಾಕು.